ಗೇಮಲ್ಲಿ ಚಿನ್ನ ಡ್ಯೂಪ್ (ಒಂದನ್ನ ಎರಡು) ಮಾಡ್ತಿದಾರೆ, ಬ್ಯಾನ್ ಮಾಡ್ಲಾ ರೋಲ್‌ಬ್ಯಾಕ್ (ಇಡೀ ಆಟ ಹಿಂದಿನ ಸೇವ್‌ಗೆ ತಿರುಗಿಸೋದು) ಮಾಡ್ಲಾ?

ಖಾಲಿ_ಜೇಬು:
ಗುರುಗಳೇ ಹೆಲ್ಪ್ ಮಾಡಿ. ನಾನೂ ನನ್ ಫ್ರೆಂಡೂ ಸೇರಿ ಒಂದ್ ಚಿಕ್ಕ ಆನ್‌ಲೈನ್ ಗೇಮ್ ನಡೆಸ್ತಿದೀವಿ, ಆಡೋರು ಹೆಚ್ಚಂದ್ರೆ 500 ಜನ. ಹೋದ ವಾರ 4,000 ಚಿನ್ನಕ್ಕೆ ಸಿಗ್ತಿದ್ದ ಕತ್ತಿ ಈಗ 90,000. ಯಾರೋ ಕಿಲಾಡಿಗಳು ದಾರಿ ಕಂಡ್ಹಿಡ್ದಿದಾರೆ, ಟ್ರೇಡಲ್ಲಿ ಚಿನ್ನ ಕೊಟ್ಟು ಓಕೆ ಒತ್ತಿದ ತಕ್ಷಣ ನೆಟ್ ಎಳೆದುಬಿಡೋದು. ತಗೊಂಡವನದು ಸೇವ್ ಆಗಿರುತ್ತೆ, ಕೊಟ್ಟವನದು ಆಗಿರಲ್ಲ, ವಾಪಸ್ ಲಾಗಿನ್ ಆದ್ರೆ ಚಿನ್ನ ಇಬ್ಬರ ಹತ್ರನೂ ಇರುತ್ತೆ. ಹೊಸಬರು ಬಂದು ರೇಟ್ ನೋಡಿ ಹಂಗೇ ವಾಪಸ್ ಹೋಗ್ತಿದಾರೆ.

ಸರ್ವರ್_ಕಾವಲು:
ಮೊದ್ಲು ಟ್ರೇಡ್ ಬಂದ್ ಮಾಡು ಮಾರಾಯ, ಆಮೇಲೆ ಮಾತಾಡಣ. ತೂತು ಮುಚ್ಚದೆ ಬ್ಯಾನ್ ಮಾಡಿದ್ರೆ ನಾಳೆ ಹೊಸ ಅಕೌಂಟಲ್ಲಿ ಬರ್ತಾರೆ ಅಷ್ಟೇ. ಕೊಟ್ಟವನದೂ ತಗೊಂಡವನದೂ ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನಲ್ಲಿ ಬರೀಬೇಕು, ಆಗೋದಾದ್ರೆ ಎರಡೂ ಕಡೆ ಆಗ್ಬೇಕು ಇಲ್ಲಾಂದ್ರೆ ಯಾವ್ದೂ ಆಗ್ಬಾರ್ದು. ಐಟಂಗಳಿಗೆ ಒಂದೊಂದಕ್ಕೂ ಬೇರೆ ನಂಬರ್ ಕೊಡು, ಒಂದೇ ನಂಬರ್ ಎರಡು ಬ್ಯಾಗಲ್ಲಿ ಕಂಡ್ರೆ ಕಳ್ಳ ಸಿಕ್ಕ. ಚಿನ್ನಕ್ಕೆ ನಂಬರ್ ಇರಲ್ಲ, ಅದಕ್ಕೆ ದಿನಾ ಲೆಕ್ಕ ಹಾಕು: ರಾಕ್ಷಸರಿಂದ ಹುಟ್ಟಿದ್ದೆಷ್ಟು, ರಿಪೇರಿಗೆ ಹೋಗಿದ್ದೆಷ್ಟು, ಉಳಿದಿದ್ದು ಎಲ್ಲರ ಜೇಬಿನ ಮೊತ್ತಕ್ಕೆ ತಾಳೆ ಆಗ್ಬೇಕು.

ರೋಲ್‌ಬ್ಯಾಕ್ ಬೇಡ ಅಂತೀನಿ. 2013ರ ಮೇನಲ್ಲಿ ಡಯಾಬ್ಲೊ 3 ಅನ್ನೋ ಗೇಮಿಗೆ 1.0.8 ಪ್ಯಾಚ್ (ಅಪ್‌ಡೇಟ್) ಬಂದಾಗ ಹರಾಜುಕಟ್ಟೆಲಿ ಚಿನ್ನ ಡ್ಯೂಪ್ ಆಗಿತ್ತು, ಕಂಪನಿಯವ್ರು ಹರಾಜು ನಿಲ್ಲಿಸಿ ಅಕೌಂಟ್‌ಗಳನ್ನ ಜಾಲಾಡಿದ್ರೇ ಹೊರತು ಇಡೀ ಆಟ ಹಿಂದಕ್ಕೆ ತಿರುಗಿಸ್ಲಿಲ್ಲ. ಕಷ್ಟಪಟ್ಟು ಆಡಿದವನ ಮೂರು ದಿನ ಯಾಕೆ ಕಿತ್ಕೋಬೇಕು.

ಲ್ಯಾಗ್_ರಾಜ:
ಟ್ರೇಡ್ ಜಾಸ್ತಿ ದಿನ ಬಂದ್ ಇಡ್ಬೇಡಿ ಮಾತ್ರ. ಚಿನ್ನ ಮಾರೋರನ್ನ ತಡೀತೀವಿ ಅಂತ ರೂನ್‌ಸ್ಕೇಪ್ ಅನ್ನೋ ಆನ್‌ಲೈನ್ ಗೇಮಲ್ಲಿ 2008ರ ಶುರುಲಿ ಮುಕ್ತ ಟ್ರೇಡೇ ತೆಗೆದುಹಾಕಿದ್ರು, ಫ್ರೆಂಡ್‌ಗೆ ಒಂದು ಒಳ್ಳೆ ಐಟಂ ಸುಮ್ನೆ ಕೊಡೋಕೂ ಆಗ್ತಿರ್ಲಿಲ್ಲ, ಜನ ಉರಿದುಬಿದ್ರು, ಕೊನೆಗೆ 2011ರಲ್ಲಿ ವಾಪಸ್ ತಂದ್ರು. ಈಗಾಗ್ಲೇ ಹರಡಿರೋ ಚಿನ್ನಕ್ಕೆ ಸಣ್ಣ ತೆರಿಗೆ ಹಾಕಿ. ಅದರದ್ದೇ ಹಳೇ ಶೈಲಿಯ ಗೇಮ್ ಓಲ್ಡ್ ಸ್ಕೂಲ್ ರೂನ್‌ಸ್ಕೇಪಲ್ಲಿ 2021ರ ಡಿಸೆಂಬರಿಂದ ಮಾರಾಟದ ಮೇಲೆ 1% ಕಟ್ ಮಾಡೋಕೆ ಶುರು ಮಾಡಿದ್ರು, ಆ ದುಡ್ಡಲ್ಲೇ ಒಂದಿಷ್ಟು ಐಟಂ ಕೊಂಡು ಅಳಿಸಿಹಾಕ್ತಾರೆ. ಆಮೇಲೆ ಗೊತ್ತಿಲ್ದೆ ಡ್ಯೂಪ್ ಚಿನ್ನ ತಗೊಂಡವನನ್ನ ಬ್ಯಾನ್ ಮಾಡ್ಬೇಡಿ, ಪಾಪ ಅವನು ಕತ್ತಿ ಮಾರಿದಾನೆ ಅಷ್ಟೇ.

ಖಾಲಿ_ಜೇಬು:
ಟ್ರೇಡ್ ಬಂದ್ ಮಾಡ್ದೆ, ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕ್ದಂಗೆ. ಆದ್ರೆ ನಾಚಿಕೆ ವಿಷ್ಯ, ಟ್ರೇಡ್ ಲಾಗೇ (ಯಾರು ಯಾರಿಗೆ ಏನ್ ಕೊಟ್ರು ಅನ್ನೋ ದಾಖಲೆ) ಇಟ್ಟಿಲ್ಲ ನಾವು. ಚಾಟ್ ಲಾಗೂ ಲಾಗಿನ್ ಟೈಮೂ ಬಿಟ್ರೆ ಏನೂ ಇಲ್ಲ 🤦

ಸರ್ವರ್_ಕಾವಲು:
ಅಷ್ಟು ಸಾಕು. ಲಾಗಿನ್ ಕಟ್ ಆಗಿ ಒಂದೇ ನಿಮಿಷದಲ್ಲಿ ವಾಪಸ್ ಬಂದೋರು ಯಾರು, ಅದೂ ಪದೇಪದೇ, ಅದನ್ನ ತೆಗಿ. ಆ ಟೈಮಲ್ಲಿ ಚಾಟ್ ಓದು, ಟೈಮಿಂಗ್ ಹೇಳ್ಕೊಳ್ದೆ ಈ ಕೆಲ್ಸ ಇಬ್ರು ಮಾಡಕ್ಕಾಗಲ್ಲ.

ಖಾಲಿ_ಜೇಬು:
ಸಿಕ್ರು ಗುರು. ಒಂದೇ ರಾತ್ರಿಲಿ 14 ಸಲ "ಈಗ ಎಳಿ" ಅಂತಿದೆ, ಅದೇ ಇಬ್ರು.