ಮಳೆಗಾಲದಲ್ಲಿ ಸುಳ್ಯದ ತೋಟದ ಮನೆಗೆ ಹೊರಟಿದ್ದೇವೆ, ಜೊತೆಗೆ ಇಬ್ಬರು ಸಣ್ಣ ಮಕ್ಕಳು. ಸೊಳ್ಳೆಗೆ ಏನು ಮಾಡೋದು?

ಜಯನಗರದ ಸೊಸೆ:

ಮುಂದಿನ ವಾರ ನಮ್ಮ ಯಜಮಾನರ ಊರಿಗೆ ಹೋಗಬೇಕು. ಸುಳ್ಯದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ಹಳೇ ಹೆಂಚಿನ ಮನೆ. ಹಿಂದಿನ ಗುಡ್ಡದಲ್ಲಿ ರಬ್ಬರ್. ಅತ್ತೆ ಪೂಜೆ ಇಟ್ಟುಕೊಂಡಿದ್ದಾರೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಏಳು ತಿಂಗಳು. ದೊಡ್ಡವಳಿಗೆ ಒಂದು ಸೊಳ್ಳೆ ಕಚ್ಚಿದರೂ ಹತ್ತು ರೂಪಾಯಿ ನಾಣ್ಯದಷ್ಟು ಊದಿಕೊಳ್ಳುತ್ತದೆ. ಆಮೇಲೆ ಕೆರೆದು ಕೆರೆದು ಹುಣ್ಣು ಮಾಡಿಕೊಳ್ಳುತ್ತಾಳೆ. ಊರಲ್ಲಿ ಡೆಂಗಿ ಶುರುವಾಗಿದೆ ಅಂತ ಮೈದುನ ಬೇರೆ ಹೇಳಿದ.

ಕಾಯಿಲ್, ಪ್ಲಗ್ಗಿಗೆ ಹಾಕುವ ಲಿಕ್ವಿಡ್, ಮಕ್ಕಳ ಕೈಗೆ ಕಟ್ಟುವ ಸೊಳ್ಳೆ ಬ್ಯಾಂಡ್ ತಗೊಂಡಿದ್ದೇನೆ. ಸಾಕಾ? ಮಲೇರಿಯಾ ಮಾತ್ರೆ ಏನಾದರೂ ಬೇಕಾ? ಅತ್ತೆಯನ್ನು ಕೇಳಿದರೆ "ಸಂಜೆ ಲಕ್ಕಿ ಸೊಪ್ಪಿನ ಹೊಗೆ ಹಾಕಿದ್ರೆ ಆಯ್ತು, ನಿನ್ನ ಗಂಡನೂ ಇಲ್ಲೇ ಬೆಳೆದದ್ದು" ಅಂತಾರೆ. ಎದುರಾಡೋಕೆ ಆಗುತ್ತಾ, ಹೇಳಿ.

ಮೈಸೂರು ಮಂಜು:

ಆ ಬ್ಯಾಂಡನ್ನು ಮನೆಯಲ್ಲೇ ಬಿಟ್ಟು ಹೋಗಿ ಮೇಡಂ. ಕೈಗೆ ಕಟ್ಟಿದರೆ ಕಾಲಿಗೆ ಕಚ್ಚುತ್ತೆ. ಫೋನಲ್ಲಿ ಸದ್ದು ಮಾಡಿ ಸೊಳ್ಳೆ ಓಡಿಸುವ ಆ್ಯಪ್ ಕೂಡ ಹಾಗೇ, ಸುಮ್ನೆ ಬ್ಯಾಟರಿ ದಂಡ.

ಬೆಳ್ಳಾರೆ ಕೃಷಿಕ:

ನಾನು ಅದೇ ಕಡೆಯವ. ಸ್ವಲ್ಪ ಅಡಿಕೆ, ಸ್ವಲ್ಪ ರಬ್ಬರ್ ಉಂಟು. ನೀವು ತಗೊಂಡದ್ದೆಲ್ಲ ರಾತ್ರಿಯ ತಯಾರಿ. ತೋಟದ ಮನೆಯಲ್ಲಿ ಉಪದ್ರ ಕೊಡುವುದು ಹಗಲಿನ ನುಸಿ (ಸೊಳ್ಳೆಗೆ ನಾವು ನುಸಿ ಅನ್ನುವುದು) ಮಾರಾಯ್ರೆ. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ, ಬೆನ್ನ ಮೇಲೆ ನೆಟ್ಟಗೆ ಒಂದೇ ಬಿಳಿ ಗೆರೆ. ಕಿವಿ ಹತ್ತಿರ ಗುಂಯ್ ಅನ್ನುವುದು ಕಮ್ಮಿ. ಬಂದು ಮೊಣಕಾಲಿನ ಕೆಳಗೆ ಕಚ್ಚಿ ಹೋಗುತ್ತದೆ. ಬೆಳಕು ಹರಿದ ಮೇಲೆ ಒಂದೆರಡು ಗಂಟೆ, ಮತ್ತೆ ಸಂಜೆ ಕತ್ತಲಾಗುವ ಮುಂಚೆ ಇದರ ಕಾಟ ಜಾಸ್ತಿ. ತೋಟದ ನೆರಳಲ್ಲಾದರೆ ನಡು ಮಧ್ಯಾಹ್ನವೂ ಬಿಡುವುದಿಲ್ಲ. ಡೆಂಗಿ, ಚಿಕೂನ್‌ಗುನ್ಯಾ ಎರಡನ್ನೂ ಇದು ಹರಡುತ್ತದೆ. 2008ರಲ್ಲಿ ನಮ್ಮ ಜಿಲ್ಲೆಗೆ ಚಿಕೂನ್‌ಗುನ್ಯಾ ಬಂದಾಗ ಗಂಟು ನೋವು ಅಂತ ಮನೆಮಂದಿಯೆಲ್ಲ ಮಲಗಿದ್ದರು. ತೋಟದ ಕೆಲಸಕ್ಕೆ ಜನವೇ ಇಲ್ಲ.

ಇದು ಹುಟ್ಟುವುದು ಚರಂಡಿಯಲ್ಲಲ್ಲ, ಒಳ್ಳೆ ಮಳೆ ನೀರಲ್ಲಿ. ಬಿದ್ದ ಅಡಿಕೆ ಹಾಳೆ ಮಗುಚದೆ ಅಂಗಾತ ಬಿದ್ದಿದ್ದರೆ ಅದರಲ್ಲಿ ಒಂದು ಲೋಟ ನೀರು ನಿಲ್ಲುತ್ತದೆ. ಬಗ್ಗಿ ನೋಡಿ. ಕೂದಲಿನಷ್ಟು ಸಪೂರದ ಹುಳಗಳು ಕೊಂಕಿ ಕೊಂಕಿ ಮೇಲೆ ಬರ್ತಾ ಇರುತ್ತವೆ. ನಿಮ್ಮ ನೆರಳು ನೀರಿಗೆ ಬಿತ್ತೋ, ಎಲ್ಲ ಒಟ್ಟಿಗೆ ತಳಕ್ಕೆ. ರಬ್ಬರ್ ಹಾಲು ಹಿಡಿಯುವ ಕಪ್ಪು, ಇಲಿ ಕೊರೆದ ಕೊಕ್ಕೊ ಕಾಯಿ, ತೆಂಗಿನ ಗೆರಟೆ, ಎಲ್ಲದರಲ್ಲೂ ಇದೇ ಕಥೆ. ಯಾರೂ ಲೆಕ್ಕಕ್ಕೆ ಹಿಡಿಯದ್ದು ಇನ್ನೊಂದುಂಟು: ಅಡಿಕೆಗೆ ಕೊಳೆರೋಗದ ಬೋರ್ಡೋ ಮದ್ದು ಹೊಡೆದು ಮುಗಿದ ಮೇಲೆ ತೊಳೆದು ಅಂಗಳದ ಮೂಲೆಯಲ್ಲಿ ನಿಲ್ಲಿಸುವ ಡ್ರಮ್ಮು.

ಮೊಟ್ಟೆಯಿಂದ ಹಾರುವ ನುಸಿ ಆಗಲಿಕ್ಕೆ ವಾರ, ಹತ್ತು ದಿನ ಸಾಕು. ಆದರೆ ಇದು ಹೆಚ್ಚು ದೂರ ಹಾರುವ ಜಾತಿ ಅಲ್ಲ. ಮನೆ ಸುತ್ತ ಚೊಕ್ಕ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಹಾಗಾಗಿ ಮೈದುನನಿಗೆ ಇವತ್ತೇ ಫೋನ್ ಮಾಡಿ. ಹಾಳೆ ಹೆಕ್ಕಿ ರಾಶಿ ಹಾಕಲಿ, ರಬ್ಬರಿನ ಕಪ್ಪು ಕವುಚಿ ಹಾಕಲಿ, ಡ್ರಮ್ಮು ಮಗುಚಲಿ. ಅತ್ತೆಗೆ ನೀವು ಹೇಳುವುದು ಬೇಡ. ಮಗನ ಬಾಯಲ್ಲಿ ಹೇಳಿಸಿ.

ಪ್ಲಗ್ಗಿನ ಲಿಕ್ವಿಡ್ ಹೆಂಚಿನ ಮನೆಯಲ್ಲಿ ಅಷ್ಟಕ್ಕಷ್ಟೆ. ಮಾಡಿಗೂ ಗೋಡೆಗೂ ನಡುವೆ ಸಂದು ಇರುತ್ತದಲ್ಲ, ಎಲ್ಲ ಅಲ್ಲೇ ಹೋಗುತ್ತದೆ. ಮೇಲಾಗಿ ಗಾಳಿಮಳೆ ಬಂದರೆ ನಮ್ಮಲ್ಲಿ ಕರೆಂಟು ಇರುವುದು ಅಪರೂಪ. ಚಾರ್ಜ್ ಮಾಡುವ ಸಣ್ಣ ಫ್ಯಾನ್ ತನ್ನಿ. ನುಸಿಗೆ ಗಾಳಿಯ ಎದುರು ಹಾರಲಿಕ್ಕೆ ಬರುವುದಿಲ್ಲ. ಜಗಲಿಯಲ್ಲಿ ಮಗುವನ್ನು ಆಡಿಸುವಾಗ ಕಾಲಿನ ಕಡೆಗೆ ಇಡಿ. ಲಕ್ಕಿ ಸೊಪ್ಪಿನ ಹೊಗೆ ದನದ ಹಟ್ಟಿಗೆ ಸರಿ. ಏಳು ತಿಂಗಳ ಮಗು ಇರುವ ಕೋಣೆಗೆ ಅದೂ ಬೇಡ, ಕಾಯಿಲೂ ಬೇಡ.

ಔಷಧಿ ಅಂಗಡಿ ಅಕ್ಕ:

ಚಿಕ್ಕವನಿಗೆ ಕ್ರೀಮಿಗಿಂತ ಪರದೆಯೇ ಮೇಲು. ಕೊಡೆ ಥರ ಬಿಚ್ಚುವ ಮಗುವಿನ ಸೊಳ್ಳೆ ಪರದೆ ಸಿಗುತ್ತೆ. ರಾತ್ರಿಗೆ ಮಾತ್ರ ಅಲ್ಲ, ಹಗಲು ಮಲಗಿದಾಗಲೂ ಮುಚ್ಚಿ. ಮಗುವಿನ ಕೈಕಾಲು ಬಲೆಗೆ ತಾಗಿಕೊಂಡಿದ್ದರೆ ಹೊರಗಿನಿಂದಲೇ ಚುಚ್ಚುತ್ತೆ, ಗಮನ ಇರಲಿ.

ದೊಡ್ಡವಳಿಗೆ ಒಡೋಮಸ್ ಆಗುತ್ತೆ. ಡೀಟ್ ಅನ್ನುವ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಸ್ಪ್ರೇ ಕೂಡ ಆಗುತ್ತೆ, ಮಕ್ಕಳಿಗೆ ಡೀಟ್ ಶೇಕಡ 30ಕ್ಕಿಂತ ಜಾಸ್ತಿ ಇರಬಾರದು. ಶೇಕಡ 10ರದ್ದು ಹೆಚ್ಚುಕಮ್ಮಿ ಎರಡು ಗಂಟೆ ಬರುತ್ತೆ, 30ರದ್ದು ಐದು ಗಂಟೆ ಹತ್ತಿರ. ಸೊಳ್ಳೆ ಜಾಸ್ತಿ ಇದೆ ಅಂತ ದಪ್ಪಗೆ ಬಳಿದರೆ ಪ್ರಯೋಜನ ಇಲ್ಲ. ಬಿಟ್ಟ ಜಾಗಕ್ಕೇ ಬಂದು ಕಚ್ಚುತ್ತೆ, ಅದಕ್ಕೆ ಪಾದ, ಹಿಮ್ಮಡಿ, ಕಿವಿಯ ಹಿಂದೆ ತೆಳ್ಳಗೆ ಸವರಿ. ನಿಮ್ಮ ಕೈಗೆ ಹಾಕಿಕೊಂಡು ಅವಳಿಗೆ ಹಚ್ಚಿ. ಅವಳ ಅಂಗೈಗೆ ಬೇಡ, ಬಾಯಿಗೆ ಹೋಗುತ್ತೆ. ಕೆರೆದು ಹುಣ್ಣಾದ ಕಡೆಯೂ ಬೇಡ. ಇನ್ನೊಂದು ವಿಷಯ, ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತೆ. ಕನ್ನಡಕದ ಫ್ರೇಮು, ವಾಚಿನ ಪಟ್ಟಿ ಹುಷಾರು.

ವಾಪಸ್ ಬಂದ ಮೇಲೆ ಸುಮಾರು ಎರಡು ವಾರ ಜ್ವರದ ಮೇಲೆ ಕಣ್ಣಿಡಿ. ಡೆಂಗಿ ಸಾಮಾನ್ಯವಾಗಿ ಕಚ್ಚಿದ ನಾಲ್ಕರಿಂದ ಹತ್ತು ದಿನಕ್ಕೆ ಕಾಣಿಸಿಕೊಳ್ಳುತ್ತೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ, ರಕ್ತಸ್ರಾವ ಜಾಸ್ತಿ ಆಗುತ್ತೆ. ಅಂಗಡಿಗೆ ಬಂದು "ಜ್ವರಕ್ಕೆ ಸ್ಟ್ರಾಂಗ್ ಆಗಿರೋದು ಏನಾದ್ರೂ ಕೊಡಿ" ಅನ್ನೋರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಡೆಂಗಿ ಪತ್ತೆಗೆ ಮಾಡುವ ಎನ್ಎಸ್1 ರಕ್ತ ಪರೀಕ್ಷೆ ಜ್ವರದ ಮೊದಲ ಐದು ದಿನದೊಳಗೆ ಮಾಡಿಸಿದರೇ ಚೆನ್ನ. ಮತ್ತೆ, ಜ್ವರ ಇಳಿಯಿತು ಅಂತ ನಿರಾಳ ಆಗಬೇಡಿ. ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಗು ಮಂಕಾಗುವುದು, ಇದರಲ್ಲಿ ಯಾವುದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಕುಡ್ಲದ ಹುಡುಗಿ:

ಮಲೇರಿಯಾ ಮಾತ್ರೆ ಬಗ್ಗೆ ಯಾರೂ ಹೇಳಲಿಲ್ಲ. ಸುಳ್ಯಕ್ಕೆ ಹೋಗಿ ಬರುವವರು ಮಾತ್ರೆ ತಗೊಂಡದ್ದನ್ನು ನಾನಂತೂ ಕೇಳಿಲ್ಲ. ನಮ್ಮಣ್ಣ ಕೆಲಸಕ್ಕೆ ತಾಂಜಾನಿಯಾಕ್ಕೆ ಹೋಗುವಾಗ ಡಾಕ್ಟರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟಿದ್ದರು. ಹೊರಡುವ ಮುಂಚೆ ಶುರು ಮಾಡಬೇಕು, ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಅದು ಚಿಕ್ಕ ಮಕ್ಕಳಿಗೆ ಕೊಡುವಂಥದ್ದಲ್ಲ. ಮಕ್ಕಳ ಡಾಕ್ಟರನ್ನು ಒಮ್ಮೆ ಕೇಳಿಬಿಡಿ, ಅಷ್ಟೆ.

ಮಂಗಳೂರಲ್ಲಿ ಉಳಿಯುವುದಾದರೆ ಮಾತ್ರ ರಾತ್ರಿಯ ಪರದೆ ಮರೆಯಬೇಡಿ. ಇಲ್ಲಿ ಮಲೇರಿಯಾ ಈಗ ಎಷ್ಟೋ ಕಮ್ಮಿ, ಆದರೂ ಕಟ್ಟಡ ಕಟ್ಟುವ ಕಡೆ ನಿಂತ ನೀರು ಇದ್ದೇ ಇರುತ್ತೆ. ಆ ಸೊಳ್ಳೆ ಕಚ್ಚುವುದು ಕತ್ತಲಾದ ಮೇಲೆ.

ಮಲ್ಲೇಶ್ವರದ ಮೇಷ್ಟ್ರು:

ಡ್ರಮ್ ಮಗುಚುವ ಮಾತು ಬಂತಲ್ಲ. ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅಂತ ತೋರಿಸಿಕೊಟ್ಟ ರೊನಾಲ್ಡ್ ರಾಸ್ 1883ರಲ್ಲಿ ನಮ್ಮ ಬೆಂಗಳೂರಲ್ಲೇ ಇದ್ದ. ಬಂಗಲೆಯ ಕಿಟಕಿ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿ ಕಂಡು ಅದನ್ನು ಮಗುಚಿಸಿದ, ಕಾಟ ಇಳಿಯಿತು. ಸಿಕಂದರಾಬಾದಿನಲ್ಲಿ ಅವನು ಮಲೇರಿಯಾದ ಗುಟ್ಟು ಹಿಡಿದದ್ದು 1897ರಲ್ಲಿ. ಅತ್ತೆಗೆ ಬೇಕಾದರೆ ಈ ಕಥೆ ಹೇಳಿ.

ಜಯನಗರದ ಸೊಸೆ:

ಎಲ್ಲರಿಗೂ ಥ್ಯಾಂಕ್ಸ್. ಇವರಿಂದಲೇ ಊರಿಗೆ ಫೋನ್ ಮಾಡಿಸಿದೆ. "ಹಾಳೆ ಹೆಕ್ಕಲಿಕ್ಕೆ ಬೆಂಗಳೂರಿಂದ ಆರ್ಡರಾ?" ಅಂತ ಮೈದುನ ನಕ್ಕನಂತೆ, ಮಾಡ್ತೀನಿ ಅಂದಿದ್ದಾನೆ. ಕೊಡೆ ಪರದೆ ತಂದಾಯಿತು. ನಾವು ರಾತ್ರಿ ರೈಲಲ್ಲಿ ಬಂದು ಬೆಳಗ್ಗೆ ಸುಬ್ರಹ್ಮಣ್ಯ ರೋಡಲ್ಲಿ ಇಳಿಯುವುದು. ಕ್ರೀಮು ಮನೆ ಮುಟ್ಟಿದ ಮೇಲೆ ಹಚ್ಚಿದರೆ ಸಾಕಾ?

ಬೆಳ್ಳಾರೆ ಕೃಷಿಕ:

ಸಾಕಾಗುವುದಿಲ್ಲ. ನೀವು ಇಳಿಯುವ ಹೊತ್ತೇ ಅದು ಕಚ್ಚುವ ಹೊತ್ತು. ರೈಲಲ್ಲೇ ಮಗಳಿಗೆ ಸಾಕ್ಸು, ಉದ್ದ ಪ್ಯಾಂಟು ಹಾಕಿ, ಕ್ರೀಮು ಹಚ್ಚಿಯೇ ಇಳಿಸಿ. ಬಟ್ಟೆ ತಿಳಿ ಬಣ್ಣದ್ದಿರಲಿ, ಕಪ್ಪು, ಕಡುನೀಲಿಗೆ ನುಸಿ ಬೇಗ ಬರುತ್ತದೆ. ಮತ್ತೆ ಪೂಜೆಯ ದಿನ ಮಕ್ಕಳೆಲ್ಲ ಸೇರಿ ತೋಟಕ್ಕೆ ಓಡುತ್ತಾರೆ, ಆಗ ಇನ್ನೊಮ್ಮೆ ಹಚ್ಚಬೇಕು. ಅಲ್ಲಿ ರಕ್ತ ಹೀರುವ ಉಂಬಳವೂ (ಜಿಗಣೆ) ಉಂಟು, ಅದಕ್ಕೆ ಬೇರೆ ಪ್ರಶ್ನೆ ಹಾಕಿ.