ಸಹಾಯ ಬೇಕು: ಹಳೇ ಖಣಿಯ ಹಳಿ ಮೇಲಿನ ವರ್ಷ ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಹಾಬಾದ್ ಹತ್ತಿರ ಪಾಳುಬಿದ್ದ ಫರ್ಸಿ (ನೆಲಕ್ಕೆ ಹಾಸುವ ಕಲ್ಲು) ಖಣಿಯೊಂದರಲ್ಲಿ, ಜಾಲಿ ಕಂಟಿಯೊಳಗೆ ಎರಡು ಸಣ್ಣ ಹಳಿ ಸಿಕ್ಕಿವೆ. ನಡುವಿನ ಅಂತರ ಟೇಪ್ ಹಿಡಿದು ಅಳೆದೆ. 61 ಸೆಂಟಿಮೀಟರ್, ಅಂದರೆ 2 ಅಡಿ. ಕಲ್ಲು ಸಾಗಿಸುವ ಟ್ರಾಲಿ ದಾರಿಯೇ ಇರಬೇಕು. ಶಹಾಬಾದ್ ಮೇಲೆ ಹೋಗುವ ಮುಂಬೈ–ರಾಯಚೂರು ರೈಲು ದಾರಿ 1871ರಲ್ಲೇ ಮುಗಿದಿತ್ತು. ಇದು ಆ ಕಾಲದ್ದಾ, ಆಮೇಲಿನದ್ದಾ?

ಹಳಿಯ ಪಕ್ಕದ ಮೈಮೇಲೆ ಉಬ್ಬು ಅಕ್ಷರಗಳಿವೆ. ತಯಾರಿಸಿದವರ ಹೆಸರು, ವರ್ಷ ಸಾಮಾನ್ಯವಾಗಿ ಅಲ್ಲೇ ಇರುತ್ತದೆ ಅಲ್ವಾ? ಆದರೆ ತುಕ್ಕು ಜಾಸ್ತಿ. ಸಂಜೆ ಟಾರ್ಚ್ ಓರೆಯಾಗಿ ಹಿಡಿದೆ, ಚಾಕ್‌ಪೀಸ್ ಉಜ್ಜಿದೆ. 1 ಕಾಣುತ್ತದೆ, ಪಕ್ಕದ್ದು 8ಓ 9ಓ ಗೊತ್ತಾಗುತ್ತಿಲ್ಲ. ಊರಿನ ಹಿರಿಯರನ್ನೂ ಕೇಳಿದೆ, ‘ನಾವು ಹುಟ್ಟೋಕ್ಕಿಂತ ಮೊದಲಿಂದು’ ಅಂದರು. ವೈರ್ ಬ್ರಷ್ ಹಾಕು ಅಂತಾರೆ ಗೆಳೆಯರು. ತುಕ್ಕಿನ ಜೊತೆ ಅಕ್ಷರವೂ ಹೋದರೆ ಅಂತ ಭಯ.

ಅಕ್ಷರ ಕೆಡದಂತೆ ಈ ತುಕ್ಕು ತೆಗೆಯುವುದು ಹೇಗೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.