ದೇವಿಮನೆ ಘಟ್ಟಕ್ಕೆ 800 ಸಿಸಿ ಸಾಕಾ, 1500 ಬೇಕಾ?

ಶಿರಸಿ ಸಸಿತೋಟ

ಎಲ್ಲರಿಗೂ ನಮಸ್ಕಾರ. ಹೊಸ ಪಿಕಪ್ ತೆಗೆದುಕೊಳ್ಳುವವನಿದ್ದೇನೆ. ಎಂಜಿನ್ ವಿಷಯದಲ್ಲಿ ಮನೆಯಲ್ಲಿ ಎರಡು ಅಭಿಪ್ರಾಯ ಆಗಿದೆ. ಘಟ್ಟದಲ್ಲಿ ಓಡಿಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ನರ್ಸರಿ ಇದೆ. ಹೆಚ್ಚಾಗಿ ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಸ್ವಲ್ಪ ಜಾಯಿಕಾಯಿ ಗಿಡ. ಮೇ ಕೊನೆಯಿಂದ ಆಗಸ್ಟ್‌ವರೆಗೆ ಕುಮಟಾ, ಹೊನ್ನಾವರ ಕಡೆಗೆ ಗಿಡ ಕೊಡುತ್ತೇನೆ. ಹೋಗುವುದು ದೇವಿಮನೆ ಘಟ್ಟ ಇಳಿದು. ಬರುವಾಗ ಕೆಲವು ಸಲ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಚೀಲ ಇರುತ್ತದೆ, ಜಾಸ್ತಿ ಸಲ ಖಾಲಿ. ಉಳಿದ ತಿಂಗಳು ಗೊಬ್ಬರ, ಮಣ್ಣು ಅಂತ ಊರೊಳಗಿನ ಓಡಾಟ.

ಈಗಿನ ಗಾಡಿಗೆ 11 ವರ್ಷ ಆಯಿತು. ಹೋದ ಜೂನ್‌ನಲ್ಲಿ ಗಿಡ ತುಂಬಿಕೊಂಡು ಘಟ್ಟ ಇಳಿಯುವಾಗ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲಲೇ ಇಲ್ಲ. ಪೆಡಲ್ ಗಟ್ಟಿಯಾಗಿಯೇ ಇತ್ತು, ವೇಗ ಮಾತ್ರ ಇಳಿಯಲಿಲ್ಲ. ಎಡಕ್ಕೆ ಗುಡ್ಡದ ಕಡೆಯ ಚರಂಡಿಗೆ ಇಳಿಸಿ ನಿಲ್ಲಿಸಿದೆ. ಪಕ್ಕದಲ್ಲಿ ನನ್ನ ತಮ್ಮ ಕೂತಿದ್ದ. ಆವತ್ತೇ ಈ ಗಾಡಿ ಸಾಕು ಅಂತ ತೀರ್ಮಾನ ಮಾಡಿದೆ.

ಈಗ ನೋಡಿರುವುದು ಟಾಟಾ ಇಂಟ್ರಾದ ಎರಡು ಮಾದರಿ. ವಿ10 ಅಂದರೆ 798 ಸಿಸಿ, 2 ಸಿಲಿಂಡರ್, 44 ಎಚ್‌ಪಿ, 1000 ಕೆಜಿ ಹೊರುತ್ತದೆ. ವಿ30 ಅಂದರೆ 1496 ಸಿಸಿ, 4 ಸಿಲಿಂಡರ್, 70 ಎಚ್‌ಪಿ, 1300 ಕೆಜಿ ಹೊರುತ್ತದೆ. ಅಪ್ಪ ಸಣ್ಣದೇ ಸಾಕು ಅನ್ನುತ್ತಾರೆ. "ನಾವು ಒಯ್ಯುವುದು ಗಿಡ, ಕಲ್ಲಲ್ಲ" ಅನ್ನುವುದು ಅವರ ಮಾತು. ದೊಡ್ಡದಕ್ಕೆ ಕಂತು ತಿಂಗಳಿಗೆ ಎರಡು ಸಾವಿರದಷ್ಟು ಹೆಚ್ಚು, ಡೀಸೆಲ್ ಬೇರೆ. ಆದರೆ ಆ ತಿರುವು ನೆನಪಾದರೆ ನನಗೆ ಸಣ್ಣ ಗಾಡಿ ಬೇಡವೇ ಬೇಡ ಅನಿಸುತ್ತದೆ. ಸುಮ್ನೆ ಹೆದರುತ್ತಿದ್ದೇನಾ?

ತದಡಿ ಮೀನುಗಾಡಿ

ಅಣ್ಣ, ದೊಡ್ಡದೇ ತಗೊಳ್ಳಿ. ನಾನು ತದಡಿಯಿಂದ ಶಿರಸಿಗೆ ಮೀನು ಒಯ್ಯುವವನು. ಮೊದಲು ಎರಡು ಸಿಲಿಂಡರ್ ಗಾಡಿ ಇತ್ತು. ಕತಗಾಲ ದಾಟಿ ಏರು ಶುರುವಾದರೆ ಎರಡನೇ ಗೇರ್, ಕೆಲವು ಕಡೆ ಒಂದನೇ ಗೇರ್. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಾ ಇರುತ್ತಿತ್ತು. ಏರುತ್ತಿತ್ತು, ಸುಳ್ಳು ಹೇಳಬಾರದು. ಒಂದು ದಿನವೂ ನಡುದಾರಿಯಲ್ಲಿ ನಿಂತಿಲ್ಲ. ಆದರೆ ಬಂಗುಡೆ ಕಾಯುವುದಿಲ್ಲ. ನಾನು ಮಾರ್ಕೆಟ್ ಮುಟ್ಟುವಷ್ಟರಲ್ಲಿ ಬೇರೆಯವರ ಟ್ರೇ ಅರ್ಧ ಖಾಲಿ ಆಗಿರುತ್ತಿತ್ತು. ಐಸ್ ಕರಗಿದಷ್ಟೂ ನನ್ನ ಮೀನಿಗೆ ಬೆಲೆ ಕಡಿಮೆ.

ಈಗ ಬೊಲೆರೊ ಪಿಕಪ್ ಇದೆ, 2523 ಸಿಸಿ. ಲೋಡ್ ಇದ್ದರೂ ಮೂರನೇ ಗೇರಿನಲ್ಲಿ ಹೋಗುವ ಏರು ಬಹಳ ಇದೆ. ಲೀಟರಿಗೆ 12, ಒಮ್ಮೊಮ್ಮೆ 13 ಬರುತ್ತದೆ. ನನಗೆ ಅದು ಸರಿ ಹೋಗಿದೆ.

ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಆರ್‌ಸಿಯಲ್ಲಿ ಲೋಡ್ ಸೇರಿದ ಒಟ್ಟು ತೂಕ 3000 ಕೆಜಿ ದಾಟಿದರೆ ಪರ್ಮಿಟ್ ಬೇಕು. ಅದರೊಳಗೆ ಇದ್ದರೆ ಬೇಡ. ನನ್ನದು ದಾಟುತ್ತದೆ, ಹಾಗಾಗಿ ಆ ಓಡಾಟ ನನಗೆ ಇದೆ. ನೀವು ಹೇಳಿದ ಎರಡೂ ಅದರೊಳಗೇ ಬರುತ್ತವೆ.

ಸಿದ್ದಾಪುರ ಅಕ್ಕ

ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ನನಗೆ ಮುಖ್ಯ ಅನಿಸಿತು. ಉಳಿದ ತಿಂಗಳು ಊರೊಳಗಿನ ಓಡಾಟ ಅಂತ ಬರೆದಿದ್ದೀರಲ್ವಾ, ಅದು.

ನಮ್ಮದು ಬಾಳೆಕಾಯಿ, ತರಕಾರಿ ವ್ಯಾಪಾರ. ಬಿಎಸ್-6, ಅಂದರೆ ಹೊಸ ಹೊಗೆ ನಿಯಮದ ಡೀಸೆಲ್ ಗಾಡಿ. ದಿನವೂ ನಾಲ್ಕು ಕಿಲೋಮೀಟರ್ ಹೋಗುವುದು, ನಿಲ್ಲಿಸುವುದು, ಮತ್ತೆ ಮೂರು ಕಿಲೋಮೀಟರ್. ಆರು ತಿಂಗಳಿಗೆ ಡಿಪಿಎಫ್ ದೀಪ ಹತ್ತಿಕೊಂಡಿತು. ಹೊಗೆಯ ಮಸಿಯನ್ನು ಹಿಡಿದಿಡುವ ಜಾಲರಿ ಅದು. ಸೈಲೆನ್ಸರ್ ಚೆನ್ನಾಗಿ ಬಿಸಿಯಾದರೆ ಮಸಿ ತಾನೇ ಸುಟ್ಟು ಹೋಗುತ್ತದೆ. ಸಣ್ಣ ಸಣ್ಣ ಓಟದಲ್ಲಿ ಅಷ್ಟು ಬಿಸಿ ಆಗುವುದೇ ಇಲ್ಲ. ಈಗ ವಾರಕ್ಕೊಮ್ಮೆ ತಾಳಗುಪ್ಪದವರೆಗೆ ಒಂದೇ ವೇಗದಲ್ಲಿ ಓಡಿಸಿಕೊಂಡು ಬರುತ್ತೇನೆ. ಅದಾದ ಮೇಲೆ ದೀಪ ಹತ್ತಿಲ್ಲ.

ದೊಡ್ಡ ಎಂಜಿನ್ ತೆಗೆದುಕೊಂಡು ಒಂಬತ್ತು ತಿಂಗಳು ತೋಟದ ದಾರಿಯಲ್ಲೇ ಓಡಿಸಿದರೆ ಈ ತೊಂದರೆ ಬರಬಹುದು. ಹೆದರಿಸುತ್ತಿಲ್ಲ ತಮ್ಮಾ, ಷೋರೂಮ್‌ನಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಅದಕ್ಕೆ ಬರೆದೆ.

ಕುಮಟಾ ಗ್ಯಾರೇಜ್

ಮೂವತ್ತು ವರ್ಷ ಡೀಸೆಲ್ ಗಾಡಿ ಬಿಚ್ಚಿದ್ದೇನೆ. ಘಟ್ಟ ಇಳಿದು ಬ್ರೇಕ್ ಸುಟ್ಟುಕೊಂಡು ಬಂದವರು ಮೊದಲು ನಿಲ್ಲುವುದೇ ನಮ್ಮ ಊರಲ್ಲಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಏರುವ ಲೆಕ್ಕ. ನೂರು ಮೀಟರ್ ಮುಂದೆ ಹೋದರೆ ಎಂಟು ಮೀಟರ್ ಮೇಲೆ ಹೋಗುವ ಏರು ಅಂತ ಇಟ್ಟುಕೊಳ್ಳಿ. ವಿ10 ಪೂರ್ತಿ ಲೋಡ್ ಆದರೆ 2120 ಕೆಜಿ. ಗಂಟೆಗೆ 30 ಕಿಲೋಮೀಟರ್‌ನಲ್ಲಿ ಏರಲು ಎಂಜಿನ್‌ನಿಂದ ಸುಮಾರು 25 ಎಚ್‌ಪಿ ಬೇಕು. 40ರಲ್ಲಿ ಏರಲು 33. ಇರುವುದು 44. ಅಂದರೆ ಏರುತ್ತದೆ, ಆದರೆ ಕೈಯಲ್ಲಿ ಉಳಿಯುವುದು ಕಡಿಮೆ. ವಿ30 ಪೂರ್ತಿ ಲೋಡ್ ಆದರೆ 2565 ಕೆಜಿ. 40ರಲ್ಲಿ ಏರಲು ಅದಕ್ಕೆ ಹತ್ತಿರ ಹತ್ತಿರ 40 ಎಚ್‌ಪಿ ಬೇಕು, ಇರುವುದು 70. ತದಡಿಯವರು ಹೇಳಿದ್ದು ಇದೇ. ಸಣ್ಣದು ಏರುವುದಿಲ್ಲ ಅಂತಲ್ಲ, ತಡವಾಗುತ್ತದೆ ಅಷ್ಟೇ. ನಿಮ್ಮ ಸಸಿಗೆ ಅರ್ಧ ಗಂಟೆ ತಡವಾದರೆ ಏನೂ ಆಗುವುದಿಲ್ಲ. ಅದರಲ್ಲೂ ನೀವು ಏರುವಾಗ ಖಾಲಿ. ಏರುವುದಷ್ಟೇ ಪ್ರಶ್ನೆಯಾದರೆ ನಿಮ್ಮ ಅಪ್ಪನ ಮಾತು ಸರಿ.

ಆದರೆ ನೀವು ಲೋಡ್ ಇಟ್ಟುಕೊಂಡು ಇಳಿಯುವವರು. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ. ಎರಡೂವರೆ ಟನ್ ಗಾಡಿ ಅಷ್ಟು ಕೆಳಗೆ ಬಂದರೆ ಅದರ ಶಕ್ತಿ ಎಲ್ಲಾದರೂ ಹೋಗಬೇಕಲ್ಲ. ಪೂರ್ತಿ ಬಿಸಿಯಾಗಿ ಬದಲಾದರೆ 45 ಲೀಟರ್ ತಣ್ಣೀರು ಕುದಿಯುತ್ತದೆ. ಬಚ್ಚಲಿನ ಒಂದು ಹಂಡೆ ನೀರು ಅಂದುಕೊಳ್ಳಿ. ಒಂದಿಷ್ಟು ಗಾಳಿಗೆ, ಟೈರಿಗೆ ಹೋಗುತ್ತದೆ. ಉಳಿದದ್ದನ್ನು ಎಂಜಿನ್ ಹಿಡಿಯಬೇಕು ಇಲ್ಲವೇ ಬ್ರೇಕ್ ಹಿಡಿಯಬೇಕು. ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಎಂಜಿನ್ ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಒಂದೇ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ಒಂದೇ ವೇಗದಲ್ಲಿ ತಿರುಗುವಾಗ, 1500 ಸಿಸಿ ಹಿಡಿಯುವುದು 800 ಸಿಸಿಗಿಂತ ಹೆಚ್ಚು ಕಡಿಮೆ ಎರಡು ಪಟ್ಟು. ದೊಡ್ಡ ಎಂಜಿನ್ ಬೇಕು ಅಂತ ನಾನು ಹೇಳುವುದಾದರೆ ಈ ಒಂದು ಕಾರಣಕ್ಕೆ.

ಈಗ ನಿಮ್ಮ ಜೂನ್ ತಿಂಗಳ ಕಥೆ. ಪೆಡಲ್ ಗಟ್ಟಿಯಾಗಿತ್ತು, ಗಾಡಿ ನಿಲ್ಲಲಿಲ್ಲ ಅಂದಿರಿ. ಹಾಗಾದರೆ ಡ್ರಮ್‌ಗೆ ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕ್ ಲೈನರ್ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಮೆತ್ತಗಾಗಿ ಒಳಗೆ ಹೋಗಿದ್ದರೆ ಅದು ಬ್ರೇಕ್ ಆಯಿಲ್ ಕುದಿದದ್ದು. ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕಡೆಯ ಮಳೆಗೆ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಹೊಸ ಗಾಡಿ ಬಂದ ಮೇಲೂ ಇದನ್ನು ಮರೆಯಬೇಡಿ.

ಎರಡು ಪ್ರಶ್ನೆ ಕೇಳುತ್ತೇನೆ. ಆವತ್ತು ಯಾವ ಗೇರಿನಲ್ಲಿ ಇಳಿಯುತ್ತಿದ್ದಿರಿ? ಗಿಡ ತುಂಬಿದ ಗಾಡಿಯನ್ನು ಎಂದಾದರೂ ತೂಕ ಮಾಡಿಸಿದ್ದೀರಾ?

ಶಿರಸಿ ಸಸಿತೋಟ

ಅಣ್ಣ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು.

ಗೇರ್ ಮೂರನೆಯದು. ನೇರ ರಸ್ತೆ ಸಿಕ್ಕಲ್ಲಿ ನಾಲ್ಕಕ್ಕೂ ಹಾಕಿದ್ದೆ. ಡೀಸೆಲ್ ಉಳಿಯುತ್ತದೆ ಅಂದುಕೊಂಡಿದ್ದೆ. ಕಾಲು ಬ್ರೇಕ್ ಮೇಲೇ ಇತ್ತು.

ತೂಕ ಯಾವತ್ತೂ ಮಾಡಿಸಿರಲಿಲ್ಲ. ನಿನ್ನೆ ಸಂಜೆ ನೀರು ಹಾಕಿದ ಮೇಲೆ ಹತ್ತು ಅಡಿಕೆ ಸಸಿಯನ್ನು ಚೀಲದ ಸಮೇತ ತಕ್ಕಡಿಗೆ ಇಟ್ಟೆ. 27 ಕೆಜಿ ಬಂತು. ಒಂದು ಗಿಡಕ್ಕೆ 2.7 ಕೆಜಿ! ನಾನು ಒಂದು ಲೋಡಿಗೆ 450 ಗಿಡ ತುಂಬುತ್ತೇನೆ. 1215 ಕೆಜಿ ಆಯಿತು. ಕ್ರೇಟ್ ಸೇರಿದರೆ 1300 ಹತ್ತಿರ. ಇಷ್ಟು ವರ್ಷ ಏಳೆಂಟು ನೂರು ಕೆಜಿ ಇರಬಹುದು ಅಂತ ನಂಬಿಕೊಂಡಿದ್ದೆ. ಹಳೆ ಗಾಡಿಯ ಕಾಗದ ತೆಗೆದು ನೋಡಿದರೆ ಅದು ಹೊರಬೇಕಾದದ್ದು 750 ಕೆಜಿ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೀಗೆ ಇಳಿದಿದ್ದೇನೆ ಅಂತ ಗೊತ್ತಾಗಿ ರಾತ್ರಿ ನಿದ್ದೆ ಬರಲಿಲ್ಲ.

ನೀರು ಹಾಕದೆ ತುಂಬಿದರೆ ಹಗುರ ಆಗುತ್ತದೆ, ನಿಜ. ಆದರೆ ಚೀಲದ ಮಣ್ಣು ಒಡೆದು ಬೇರು ಅಲುಗುತ್ತದೆ. ನೆಟ್ಟವರ ತೋಟದಲ್ಲಿ ಗಿಡ ಹಳದಿಯಾಗುತ್ತದೆ. ಅದನ್ನು ನಾನು ಮಾಡಲಾರೆ.

ಹಾಗಾಗಿ ವಿ10 ಆದರೆ ಒಂದು ಸಲಕ್ಕೆ 340 ಗಿಡ. ಸೀಸನ್‌ನಲ್ಲಿ ಎಷ್ಟೋ ಆರ್ಡರಿಗೆ ಎರಡೆರಡು ಓಟ ಬೇಕು. ಹೊನ್ನಾವರಕ್ಕೆ ಹೋಗಿ ಬಂದರೆ 160 ಕಿಲೋಮೀಟರ್. ಲೀಟರಿಗೆ 16 ಸಿಕ್ಕರೂ 10 ಲೀಟರ್, ಡೀಸೆಲ್ 90 ರೂಪಾಯಿ ಅಂತ ಹಿಡಿದರೆ 900. ತಿಂಗಳಿಗೆ ಎರಡು ಓಟ ಜಾಸ್ತಿ ಆದರೂ ಕಂತಿನ ವ್ಯತ್ಯಾಸ ಹೆಚ್ಚು ಕಡಿಮೆ ಅಲ್ಲೇ ಮುಗಿಯಿತು. ಮಳೆಗಾಲದ ತಿಂಗಳಿಗೆ ಈ ಲೆಕ್ಕ ಸರಿ. ಉಳಿದ ಒಂಬತ್ತು ತಿಂಗಳು ನಷ್ಟವೇ, ಅದನ್ನು ಅಪ್ಪನ ಎದುರು ಒಪ್ಪಿಕೊಂಡೆ. ಅವರು ತಕ್ಕಡಿಯಲ್ಲಿ ತೂಕ ನೋಡಿದ ಮೇಲೆ ಕಂತಿನ ಮಾತು ಎತ್ತಲಿಲ್ಲ. "450 ತುಂಬಬೇಡ, 400ಕ್ಕೆ ನಿಲ್ಲಿಸು" ಅಂದರು. ವಿ30 ಬುಕ್ ಮಾಡುತ್ತೇನೆ.

ಸಿದ್ದಾಪುರದ ಅಕ್ಕ, ನೀವು ಹೇಳಿದ ದೀಪದ ವಿಷಯ ಬರೆದಿಟ್ಟುಕೊಂಡಿದ್ದೇನೆ. ಮಳೆಗಾಲ ಮುಗಿದ ಮೇಲೆ ವಾರಕ್ಕೊಮ್ಮೆ ರಾಗಿಹೊಸಳ್ಳಿಯವರೆಗೆ ಹೋಗಿ ಬಂದರೆ ಸಾಕಾಗಬಹುದಾ?

ಸಿದ್ದಾಪುರ ಅಕ್ಕ

ನಡುವೆ ನಿಲ್ಲಿಸದೆ ಇಪ್ಪತ್ತು ಇಪ್ಪತ್ತೈದು ನಿಮಿಷ ಓಡಿದರೆ ನನಗೆ ಸಾಕಾಗುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟು ಹೊತ್ತು ಅಂತ ಇರುತ್ತದೆ, ನೋಡಿಕೊಳ್ಳಿ. ದೀಪ ಹತ್ತಿದ ಮೇಲೆ ನಾಳೆ ನೋಡೋಣ ಅಂತ ಬಿಡಬೇಡಿ.

ಕುಮಟಾ ಗ್ಯಾರೇಜ್

400 ಅಂದ ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ದೊಡ್ಡ ಎಂಜಿನ್ ಬಂತು ಅಂತ ಮತ್ತೆ ಮೂರನೇ ಗೇರಿಗೆ ಹೋಗಬೇಡಿ. ಲೋಡ್ ಇಟ್ಟುಕೊಂಡು ಯಾವ ಗೇರಿನಲ್ಲಿ ಏರಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಿರಿ. ಗೇರ್ ಹಾಕುವುದು ಇಳಿಜಾರು ಶುರುವಾಗುವ ಮೊದಲು, ನಡುವೆ ಅಲ್ಲ. ಕಾಲು ತೆಗೆದಾಗ ಡೀಸೆಲ್ ಪಂಪ್ ಹೇಗೂ ಎಣ್ಣೆ ಬಿಡುವುದಿಲ್ಲ, ಹಾಗಾಗಿ ಎರಡನೇ ಗೇರಿನಲ್ಲಿ ಇಳಿದರೆ ಡೀಸೆಲ್ ಜಾಸ್ತಿ ಹೋಗುತ್ತದೆ ಅನ್ನುವುದು ತಪ್ಪು. ಬ್ರೇಕ್ ಒತ್ತುವುದಾದರೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಸದಾ ಕಾಲಿಟ್ಟುಕೊಂಡೇ ಇದ್ದರೆ ಡ್ರಮ್‌ಗೆ ಆರುವ ಹೊತ್ತೇ ಸಿಗುವುದಿಲ್ಲ. ಕತಗಾಲದಲ್ಲಿ ಒಮ್ಮೆ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ ಅಂತ ಅರ್ಥ.

ಶಿರಸಿ ಸಸಿತೋಟ

ಆಯಿತು ಅಣ್ಣ. ಹೊಸ ಗಾಡಿ ಬರುವವರೆಗೆ ಹಳೆಯದನ್ನು ಘಟ್ಟಕ್ಕೆ ಇಳಿಸುವುದಿಲ್ಲ. ಶನಿವಾರ ಹಳದೀಪುರಕ್ಕೆ 380 ಗಿಡ ಕೊಡಬೇಕಿದೆ, ಬಾಡಿಗೆ ಗಾಡಿ ಹೇಳಿದ್ದೇನೆ. ನಾನೂ ಜೊತೆಗೆ ಕೂತು ಬರುತ್ತೇನೆ. ಎರಡನೇ ಗೇರಿನಲ್ಲೇ ಇಳಿಸಿ ಅಂತ ಡ್ರೈವರಿಗೆ ದೇವಿಮನೆಯಲ್ಲೇ ಹೇಳುತ್ತೇನೆ.